ಸಾಕಿದ ನಾಯಿ ಹಿತ್ತಲ ಕೋಳಿಗೆ ಬಾಯಿ ಹಾಕದಂತೆ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಮ್ಮ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಹಿತ್ತಲಲ್ಲಿ ನಾಲ್ಕು ಜವಾರಿ ಕೋಳಿ, ಬಾಗಿಲಲ್ಲಿ ಒಂದು ನಾಯಿ ಇರುವ ಮನೆಗಳು ಬೇಕಾದಷ್ಟಿವೆ. ಕೋಳಿ ಮೊಟ್ಟೆಗೆ, ಹಬ್ಬಕ್ಕೆ, ಕೈ ಖರ್ಚಿಗೆ. ನಾಯಿ ಕಾವಲಿಗೆ. ಎರಡೂ ಬೇಕು. ಆದರೆ ಒಂದು ದಿನ ನಾಯಿ ಹೇಂಟೆಯ ಕುತ್ತಿಗೆಗೆ ಬಾಯಿ ಹಾಕಿತು ಅಂದರೆ ಮನೆಯಲ್ಲಿ ದೊಡ್ಡ ರಂಪ. ಒಬ್ಬರು ಬಡಿಗೆ ಹಿಡಿಯುತ್ತಾರೆ, ಇನ್ನೊಬ್ಬರು "ಟಂಟಂನಾಗ ಹಾಕ್ಕೊಂಡು ಹೋಗಿ ದೂರ ಬಿಟ್ಟು ಬಾ" ಅನ್ನುತ್ತಾರೆ. ಎರಡೂ ಬೇಡ. ಇದಕ್ಕೆ ದಾರಿ ಇದೆ. ಸ್ವಲ್ಪ ತಂತಿ ಜಾಲರಿ, ಒಂದು ಉದ್ದ ಹಗ್ಗ, ದಿನಕ್ಕೆ ಎರಡು ಸಲ ಐದೈದು ನಿಮಿಷ, ಜೊತೆಗೆ ಕೆಲವು ತಿಂಗಳ ತಾಳ್ಮೆ ಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಯಿಗೆ ಕೋಳಿ ತಿನ್ನುವುದಕ್ಕಿಂತ ಅದನ್ನು ಅಟ್ಟಿಸಿಕೊಂಡು ಹೋಗುವುದರಲ್ಲೇ ಖುಷಿ. ಹೊಟ್ಟೆ ತುಂಬಿದ ನಾಯಿಯೂ ಅಟ್ಟುತ್ತದೆ. ಕೋಳಿ ಕಿರುಚಿ, ರೆಕ್ಕೆ ಬಡಿದು ಓಡಿದರೆ ಅದೇ ಅದಕ್ಕೆ ಸಿಕ್ಕ ಬಹುಮಾನ. ಹಾಗಾಗಿ ವಾರಗಟ್ಟಲೆ ಪಾಠ ಹೇಳಿಕೊಟ್ಟು, ನಡುವೆ ಒಂದು ಸಲ ಅಟ್ಟುವುದಕ್ಕೆ ಬಿಟ್ಟರೂ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಮೊದಲು ಬೇಲಿ, ಆಮೇಲೆ ಪಾಠ. ಈ ಕ್ರಮ ತಪ್ಪಿಸಬೇಡಿ.

ನಿಮ್ಮ ನಾಯಿ ಯಾಕೆ ಹೀಗೆ ಮಾಡುತ್ತಿದೆ, ಮೊದಲು ನೋಡಿ

ಎಲ್ಲ ನಾಯಿಯೂ ಒಂದೇ ಕಾರಣಕ್ಕೆ ಕೋಳಿಯ ಮೇಲೆ ಬೀಳುವುದಿಲ್ಲ. ಕಾರಣ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಎರಡು ದಿನ ಸುಮ್ನೆ ಕೂತು ಗಮನಿಸಿ. ನಾಯಿ ಕಟ್ಟಿಯೇ ಇರಲಿ.

ಬೇಟೆಯ ನಾಯಿ ಹೇಗಿರುತ್ತದೆ ಅಂದರೆ, ಕೋಳಿ ಕಂಡ ಕೂಡಲೇ ಬಾಯಿ ಮುಚ್ಚುತ್ತದೆ. ಅಲ್ಲಿಯತನಕ ನಾಲಿಗೆ ಚಾಚಿ ತೇಕುತ್ತಿದ್ದ ನಾಯಿ ಒಮ್ಮೆಲೇ ಉಸಿರು ಹಿಡಿದಂತೆ ನಿಲ್ಲುತ್ತದೆ. ಕಿವಿ ಮುಂದಕ್ಕೆ. ಮೈ ಬಿಗಿ. ಬಾಲ ಅಲ್ಲಾಡುವುದಿಲ್ಲ. ಕೆಲವು ನಾಯಿ ಮುಂಗಾಲು ಒಂದನ್ನು ಮೇಲಕ್ಕೆತ್ತಿ ಹಾಗೇ ನಿಲ್ಲುತ್ತವೆ. ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ. ಬೊಗಳುವ ನಾಯಿಗಿಂತ ಹೀಗೆ ಮೌನವಾಗುವ ನಾಯಿ ಅಪಾಯ. ಈ ಮೌನದ ಆಮೇಲೆ ಬರುವುದೇ ಜಿಗಿತ.

ಎರಡನೆಯದು ತಟ್ಟೆ ಕಾಯುವ ನಾಯಿ. ಇದು ನಮ್ಮ ಮನೆಗಳಲ್ಲಿ ಬಹಳ. ನಾಯಿಗೆ ಅಂಗಳದಲ್ಲೇ ತಟ್ಟೆಯಿಟ್ಟು ರೊಟ್ಟಿ ಮುರಿದು ಹಾಲು ಹಾಕುತ್ತೇವೆ, ಇಲ್ಲ ಅನ್ನ ಹಾಕುತ್ತೇವೆ. ನಾಯಿ ಇನ್ನೂ ತಿನ್ನುತ್ತಿರುವಾಗಲೇ ಹೇಂಟೆ ಬಂದು ತಟ್ಟೆಯ ಅಂಚಿನಲ್ಲಿ ಚೆಲ್ಲಿದ ಅಗುಳು ಹೆಕ್ಕುತ್ತದೆ. ನಾಯಿ ತಿನ್ನುವುದು ನಿಲ್ಲಿಸುತ್ತದೆ, ತಲೆ ತಟ್ಟೆಯ ಮೇಲೇ ಇರುತ್ತದೆ, ಕಣ್ಣು ಮಾತ್ರ ಓರೆಯಾಗುತ್ತದೆ. ಕೋಳಿಗೆ ಅದು ತಿಳಿಯುವುದಿಲ್ಲ, ಇನ್ನೊಂದು ಹೆಜ್ಜೆ ಹತ್ತಿರ ಬರುತ್ತದೆ. ಒಂದೇ ಕಚ್ಚು. ಜವಾರಿ ಕೋಳಿಯ ಕುತ್ತಿಗೆಗೆ ಅಷ್ಟು ಸಾಕು. ಮನೆಯವರು "ನಾಯಿ ಕೋಳಿ ಹಿಡಿಯೋದು ಕಲಿತು" ಅನ್ನುತ್ತಾರೆ. ನಿಜಕ್ಕೂ ಅದು ತನ್ನ ಊಟ ಕಾಯ್ದುಕೊಂಡಿತು ಅಷ್ಟೇ. ಇದಕ್ಕೆ ಪಾಠವೂ ಬೇಡ. ನಾಯಿಗೆ ಬಾಗಿಲು ಹಾಕಿದ ಕೋಣೆಯಲ್ಲೋ, ಕೋಳಿ ಬರದ ಜಾಗದಲ್ಲೋ ಊಟ ಹಾಕಿ, ಹದಿನೈದು ನಿಮಿಷ ಬಿಟ್ಟು ತಟ್ಟೆ ಎತ್ತಿಡಿ. ಮುಗಿಯಿತು.

ಮೂರನೆಯದು ಆಟದ ಮರಿ. ಮುಂಗಾಲು ಚಾಚಿ ಹಿಂಭಾಗ ಎತ್ತುತ್ತದೆ, ಬಾಲ ಜೋರಾಗಿ ಅಲ್ಲಾಡಿಸುತ್ತದೆ, ಬೊಗಳುತ್ತದೆ. ಮನಸ್ಸಿನಲ್ಲಿ ಕೊಲ್ಲುವ ಯೋಚನೆ ಇಲ್ಲ. ಆದರೆ ಕೋಳಿ ಸಾಯುವುದು ಸಾಯುತ್ತದೆ, ಮತ್ತು ಒಂದು ಸಲ ಹಿಡಿದ ಆಮೇಲೆ ಆಟ ಬೇಟೆಯಾಗಲು ಬಹಳ ದಿನ ಬೇಕಿಲ್ಲ.

ಇನ್ನೊಂದು, ಮರಿ ಮಾಡಿದ ಹೇಂಟೆ ತಾನೇ ನಾಯಿಯ ಮೂತಿಗೆ ಹಾರುವುದು. ನಾಯಿ ತಿರುಗಿ ಕಚ್ಚುತ್ತದೆ. ಮರಿಗಳ ತಾಯಿಯನ್ನು ಒಂದೆರಡು ತಿಂಗಳು ಬೇರೆ ಜಾಗದಲ್ಲೇ ಇಡಿ.

ತಳಿಯ ಮಾತು ಬರದೆ ಇರುವುದಿಲ್ಲ. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಈ ಕಡೆ ಬೇಕಾದಷ್ಟಿದೆ. ಅದು ಮೂಸಿ ಹುಡುಕುವುದಕ್ಕಿಂತ ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಕಾಲು ನಿಲ್ಲುವುದಿಲ್ಲ. ತಲೆಮಾರುಗಳಿಂದ ಮೊಲ ಹಿಡಿಯಲಿಕ್ಕೆಂದೇ ಬೆಳೆಸಿದ ನಾಯಿ ಅದು. ಅಂಥ ನಾಯಿಯನ್ನು ಕೋಳಿಯ ಜೊತೆ ಹಿತ್ತಲಲ್ಲಿ ಬಿಟ್ಟು ಮನೆಯವರೆಲ್ಲ ಹೊಲಕ್ಕೆ ಹೋಗುವ ಆಸೆ ಇಟ್ಟುಕೊಳ್ಳಬೇಡಿ. ಕುರಿಗಾರರ ಹಟ್ಟಿಯಲ್ಲಿ ಹುಟ್ಟಿ, ಕುರಿಮರಿಗಳ ನಡುವೆಯೇ ಬೆಳೆದ ನಾಯಿಯ ಕಥೆ ಬೇರೆ. ಅದಕ್ಕೆ ಕಲಿಸುವುದು ಸುಲಭ. ಊರ ನಾಯಿ ಮರಿ ತಂದು ಸಾಕಿದ್ದರೆ, ಅದು ಎರಡರ ನಡುವೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ನೀವೇ ನೋಡಿ ತಿಳಿಯಬೇಕು.

"ಅದಕ್ಕ ರಕ್ತದ ರುಚಿ ಹತ್ತೈತ್ರಿ, ಇನ್ನ ಬಿಡಂಗಿಲ್ಲ" ಅನ್ನುವ ಮಾತು ಕೇಳಿರುತ್ತೀರಿ. ರಕ್ತದ ರುಚಿ ಅನ್ನುವುದಕ್ಕಿಂತ ಅಟ್ಟುವ ರುಚಿ ಹತ್ತಿದೆ ಅನ್ನಿ. ಬೇಯಿಸಿದ ಕೋಳಿ ಮಾಂಸ ತಿಂದ ನಾಯಿ ಅದನ್ನು ಹಿತ್ತಲಲ್ಲಿ ಓಡಾಡುವ ಹೇಂಟೆಗೆ ತಳಕು ಹಾಕುವುದಿಲ್ಲ. ಆದರೆ ಕೋಳಿ ಕೊಯ್ದಾಗ ಪುಕ್ಕ, ತಲೆ, ಕಾಲು ನಾಯಿಯ ಮುಂದೆ ಎಸೆಯುವ ರೂಢಿ ಬಿಟ್ಟುಬಿಡಿ. ಪುಕ್ಕದ ವಾಸನೆ ಅಂದರೆ ಊಟ ಅಂತ ನಾವೇ ಯಾಕೆ ಹೇಳಿಕೊಡಬೇಕು?

ಇವತ್ತೇ ಮಾಡಬೇಕಾದದ್ದು: ಬೇರೆ ಮಾಡಿ

ನಾಳೆ ಜಾಲರಿ ತರೋಣ ಅಂತ ಇವತ್ತು ಎರಡನ್ನೂ ಒಟ್ಟಿಗೆ ಬಿಡಬೇಡಿ. ಬೇಲಿ ಆಗುವತನಕ ಪಾಳಿ ಮಾಡಿ. ಬೆಳಗ್ಗೆ ಕೋಳಿ ಹೊರಗೆ ಇದ್ದಾಗ ನಾಯಿ ಒಳಗೆ ಅಥವಾ ಮನೆಯ ಮುಂಭಾಗದಲ್ಲಿ. ಸಂಜೆ ಕೋಳಿ ಗೂಡು ಸೇರಿದ ಆಮೇಲೆ ನಾಯಿಗೆ ಹಿತ್ತಲು. ಕೋಳಿ ಹೇಗೂ ಹೊತ್ತು ಮುಳುಗುವಾಗ ತಾನೇ ಗೂಡಿಗೆ ಬರುತ್ತದೆ, ಹಾಗಾಗಿ ಈ ಪಾಳಿ ಕಷ್ಟವಲ್ಲ.

ನಾಯಿಯನ್ನು ಮೊಳ ಉದ್ದದ ಚೈನಿಗೆ ಇಡೀ ದಿನ ಕಟ್ಟಿ ಹಾಕುವುದು ಇದಕ್ಕೆ ಉಪಾಯವಲ್ಲ. ಕಟ್ಟಿದ ನಾಯಿಯ ಕಣ್ಣ ಮುಂದೆ ಕೋಳಿ ಓಡಾಡುತ್ತಿದ್ದರೆ ಅದರ ತವಕ ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಚೈನು ಕಳಚಿದ ದಿನ ಮೊದಲ ಓಟ ಕೋಳಿಯ ಕಡೆಗೇ. ಕಟ್ಟಲೇಬೇಕಾದರೆ ಕೋಳಿ ಕಾಣದ ಜಾಗದಲ್ಲಿ, ನೆರಳಿನಲ್ಲಿ, ನೀರಿಟ್ಟು, ಓಡಾಡುವಷ್ಟು ಉದ್ದದ ಹಗ್ಗಕ್ಕೆ ಕಟ್ಟಿ.

ಬೇಲಿ: ಇಲ್ಲಿ ಜಿಪುಣತನ ಬೇಡ

ಅಂಗಡಿಯಲ್ಲಿ "ಕೋಳಿ ಜಾಲರಿ" ಅಂತ ಕೇಳಿದರೆ ಆರು ಮೂಲೆಯ ಕಣ್ಣಿನ ತೆಳು ತಂತಿಯದು ಕೊಡುತ್ತಾರೆ. ಅದು ಕೋಳಿಯನ್ನು ಒಳಗೆ ಇಡುತ್ತದೆ ನಿಜ, ಆದರೆ ನಾಯಿಯನ್ನು ಹೊರಗೆ ಇಡುವುದಿಲ್ಲ. ಮಧ್ಯಮ ಗಾತ್ರದ ನಾಯಿ ಹಲ್ಲಿನಿಂದ ಎಳೆದೇ ಹರಿಯುತ್ತದೆ. ವೆಲ್ಡ್ ಮೆಶ್ (ತಂತಿ ಬೆಸೆದು ಮಾಡಿದ ಚೌಕ ಕಣ್ಣಿನ ಜಾಲರಿ) ಕೇಳಿ, ಕಣ್ಣು ಒಂದು ಇಂಚಿಗಿಂತ ದೊಡ್ಡದು ಬೇಡ. ಕೈಯಲ್ಲಿ ಬಗ್ಗಿಸಿ ನೋಡಿ. ಸುಲಭವಾಗಿ ಬಗ್ಗಿದರೆ ಇನ್ನೂ ದಪ್ಪದ್ದು ತೆಗೆದುಕೊಳ್ಳಿ. ಪೂರ್ತಿ ಹಿತ್ತಲಿಗೆ ಇದನ್ನೇ ಹಾಕಲು ಹಣ ಸಾಲದಿದ್ದರೆ ಕೆಳಗಿನ ಎರಡು ಅಡಿಗೆ ವೆಲ್ಡ್ ಮೆಶ್, ಮೇಲಕ್ಕೆ ಚೈನ್ ಲಿಂಕ್ (ಹೆಣೆದ ತಂತಿ ಜಾಲರಿ) ಹಾಕಬಹುದು.

ಎತ್ತರ: ಊರ ನಾಯಿಗೆ ಐದು ಅಡಿ ಸಾಕಾಗುತ್ತದೆ. ಮುಧೋಳಕ್ಕೆ ಆರು ಅಡಿ, ಇಲ್ಲವೇ ಮೇಲೂ ಜಾಲರಿ ಮುಚ್ಚಿ. ಕೋಳಿಯೇ ಹಾರಿ ಹೊರಗೆ ಬರುತ್ತಿದ್ದರೆ ಒಂದು ರೆಕ್ಕೆಯ ಉದ್ದ ಗರಿಗಳನ್ನು ಮಾತ್ರ ಅರ್ಧಕ್ಕೆ ಕತ್ತರಿಸಿ. ಎರಡೂ ರೆಕ್ಕೆ ಬೇಡ, ಒಂದು ಕತ್ತರಿಸಿದರೇ ತೂಕ ತಪ್ಪಿ ಹಾರಲಾಗುವುದಿಲ್ಲ. ಹೊಸದಾಗಿ ಬರುತ್ತಿರುವ, ಬುಡದಲ್ಲಿ ರಕ್ತ ಕಾಣುವ ಗರಿ ಮುಟ್ಟಬೇಡಿ.

ಇನ್ನು ನೆಲ. ಬೇಲಿ ಸೋಲುವುದು ಹೆಚ್ಚಾಗಿ ಕೆಳಗೇ. ನಮ್ಮ ಭಾಗದಲ್ಲಿ ಮಣ್ಣು ನೋಡಿ ಬೇಲಿ ಹಾಕಬೇಕು. ಯಲಬುರ್ಗಾ, ಕುಕನೂರು, ಸಿಂಧನೂರು ಕಡೆಯ ಎರೆ (ಕಪ್ಪು) ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಶ್ರಾವಣದಲ್ಲಿ ಗಟ್ಟಿಯಾಗಿ ನಿಂತಿದ್ದ ಕಂಬ ಯುಗಾದಿ ಹೊತ್ತಿಗೆ ಅಲ್ಲಾಡುತ್ತದೆ, ಜಾಲರಿಯ ಕೆಳಗೆ ಕೈ ತೂರುವಷ್ಟು ಸಂದು ಬಿಡುತ್ತದೆ. ನಾಯಿಗೆ ಆ ಸಂದು ಸಾಕು, ಉಳಿದದ್ದನ್ನು ಅದೇ ಅಗಲ ಮಾಡಿಕೊಳ್ಳುತ್ತದೆ. ಎರೆಯಲ್ಲಿ ಕಂಬ ಎರಡು ಅಡಿಗಿಂತ ಆಳಕ್ಕೆ ಹೋಗಲಿ, ಸುತ್ತ ಮಣ್ಣಿನ ಬದಲು ಕಲ್ಲು-ಗರಸು ತುಂಬಿ ಜಡಿಯಿರಿ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಕಂಬ ಗಟ್ಟಿ ನಿಲ್ಲುತ್ತದೆ, ಆದರೆ ಮಳೆ ಬಿದ್ದು ನೆಲ ಮೆತ್ತಗಾದಾಗ ನಾಯಿ ಕೆದರುವುದು ಸುಲಭ.

ಎರಡಕ್ಕೂ ಒಂದೇ ಮದ್ದು ಇದೆ. ಜಾಲರಿಯನ್ನು ನೆಲದ ಹತ್ತಿರ ಹೊರಮುಖವಾಗಿ ಮಡಚಿ, ಒಂದೂವರೆಯಿಂದ ಎರಡು ಅಡಿ ನೆಲದ ಮೇಲೆ ಹಾಸಿ. ಅದರ ಮೇಲೆ ಪರಸಿ (ಹಾಸುಗಲ್ಲು) ತುಂಡು ಅಥವಾ ದಪ್ಪ ಕಲ್ಲು ಸಾಲಾಗಿ ಇಡಿ. ನಾಯಿ ಯಾವಾಗಲೂ ಬೇಲಿಯ ಬುಡದಲ್ಲೇ ಕೆದರಲು ಶುರು ಮಾಡುತ್ತದೆ. ಅಲ್ಲಿ ಉಗುರಿಗೆ ತಂತಿ ತಗುಲಿದರೆ ಬಿಟ್ಟು ಹೋಗುತ್ತದೆ. ಎರಡು ಅಡಿ ಹಿಂದೆ ನಿಂತು ಕೆದರಬೇಕು ಅನ್ನುವ ಲೆಕ್ಕ ಅದಕ್ಕೆ ಹೊಳೆಯುವುದು ಅಪರೂಪ.

ಬಳ್ಳಾರಿ ಜಾಲಿ ಮುಳ್ಳಿನ ಬೇಲಿ ದನಕ್ಕೆ ಸರಿ, ನಾಯಿಗೆ ಸಾಲುವುದಿಲ್ಲ. ಒಣಗಿದ ಮೇಲೆ ಅಲ್ಲಲ್ಲಿ ಕುಸಿಯುತ್ತದೆ, ನಾಯಿ ತೆವಳಿಕೊಂಡು ಬರುತ್ತದೆ. ಅಟ್ಟುವ ಭರದಲ್ಲಿ ಕಣ್ಣಿಗೆ ಮುಳ್ಳು ಚುಚ್ಚಿಕೊಂಡರೆ ಅದು ಬೇರೆ ನೋವು. ಜಾಲರಿಯ ಹೊರಗೆ ಎರಡನೇ ಸಾಲಾಗಿ ಬೇಕಾದರೆ ಇರಲಿ.

ಬೇಲಿ ಹಾಕಿದವರೂ ಮರೆಯುವ ವಿಷಯ ಒಂದಿದೆ: ನಾಯಿಗೆ ಕೋಳಿ ಕಾಣಬಾರದು. ಜಾಲರಿಯ ಆಚೆ ನಿಂತು ದಿನವಿಡೀ ದಿಟ್ಟಿಸುವುದು, ಬೇಲಿಯುದ್ದಕ್ಕೂ ಅತ್ತಿಂದಿತ್ತ ಓಡುವುದು, ಇದೂ ಅಟ್ಟುವ ಅಭ್ಯಾಸವೇ. ಕೆಳಗಿನ ಮೂರು ಅಡಿಗೆ ಹಸಿರು ಶೇಡ್ ನೆಟ್ ಕಟ್ಟಿ, ಇಲ್ಲವೇ ಜೋಳದ ಸೊಪ್ಪೆ, ತೆಂಗಿನ ಗರಿ ನಿಲ್ಲಿಸಿ. ತಾಡಪತ್ರಿ ಕಟ್ಟಬೇಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕೋಳಿಗೆ ಬೆವರು ಬರುವುದಿಲ್ಲ, ಗಾಳಿ ನಿಂತರೆ ಕೊಕ್ಕು ತೆರೆದು ತೇಕಿ ತೇಕಿ ಸಾಯುತ್ತದೆ.

ರಾತ್ರಿಯ ಗೂಡು ನೆಲದಿಂದ ಎರಡು ಅಡಿ ಎತ್ತರ ಇರಲಿ. ಬಾಗಿಲಿಗೆ ಎರಡು ಚಿಲಕ. ಬುಟ್ಟಿ ಕವುಚಿ ಮೇಲೆ ಕಲ್ಲು ಇಡುವುದು ಬೆಕ್ಕಿಗೆ ನಡೆಯಬಹುದು, ನಾಯಿ ಮೂತಿಯಿಂದ ನೂಕಿ ಬೀಳಿಸುತ್ತದೆ.

ನಾಯಿಗೂ ದಿನದ ಕೆಲಸ ಬೇಕು

ಓಡಾಟವಿಲ್ಲದ ನಾಯಿಗೆ ಪಾಠ ಹತ್ತುವುದಿಲ್ಲ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಡೆಸಿ. ಏಪ್ರಿಲ್, ಮೇ ತಿಂಗಳಲ್ಲಿ ಹೊತ್ತು ಏರುವ ಮೊದಲೇ ಮುಗಿಸಿ. ಅಂಗೈಯ ಹಿಂಭಾಗ ನೆಲಕ್ಕೆ ಐದು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ರೊಟ್ಟಿ ಚೂರುಗಳನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಕೊಡಿ, ಬಿಡಿಸಿ ತಿನ್ನಲಿ. ಮೂಲೆಯಲ್ಲಿ ಒಂದು ಮರಳಿನ ಗುಂಡಿ ಮಾಡಿ, ಕೆದರುವ ಚಟ ಅಲ್ಲಿ ತೀರಲಿ.

ಕೋಳಿ ಇಲ್ಲದ ಜಾಗದಲ್ಲಿ ಮೂರು ಪಾಠ

ಬಹುಮಾನ ಏನು ಕೊಡುತ್ತೀರಿ ಅನ್ನುವುದು ಮುಖ್ಯ. ಒಣ ಬಿಸ್ಕತ್ತಿಗೆ ಕೋಳಿಯನ್ನು ಮರೆಯುವ ನಾಯಿ ಇಲ್ಲ. ಬೇಯಿಸಿದ ಮೊಟ್ಟೆ, ಬೇಯಿಸಿದ ಲಿವರ್, ಪನೀರ್, ಇವನ್ನು ಶೇಂಗಾ ಕಾಳಿನಷ್ಟು ಚಿಕ್ಕ ಚೂರು ಮಾಡಿ. ಉಪ್ಪು, ಖಾರ, ಉಳ್ಳಾಗಡ್ಡಿ ಬೇಡ. ಈ ತಿಂಡಿ ಪಾಠದ ಹೊತ್ತಿನಲ್ಲಿ ಮಾತ್ರ ಸಿಗಬೇಕು, ಬೇರೆ ಹೊತ್ತಿನಲ್ಲಿ ಸಿಗಲೇಬಾರದು. ನಾಯಿ ಸರಿಯಾಗಿ ಮಾಡಿದ ಕ್ಷಣವೇ "ಭೇಷ್" ಅನ್ನಿ, ಒಂದೆರಡು ಸೆಕೆಂಡಿನೊಳಗೆ ಚೂರು ಬಾಯಿಗೆ ಬರಲಿ. ತಡವಾದರೆ ಯಾವುದಕ್ಕೆ ಕೊಟ್ಟಿರಿ ಅಂತ ಅದಕ್ಕೆ ತಿಳಿಯುವುದಿಲ್ಲ.

ಮೊದಲ ಪಾಠ "ಬಿಡು". ಮುಷ್ಟಿಯಲ್ಲಿ ಚೂರು ಹಿಡಿದು ಮೂತಿಯ ಮುಂದೆ ಇಡಿ. ನೆಕ್ಕುತ್ತದೆ, ಕೆರೆಯುತ್ತದೆ, ಸುಮ್ನೆ ಇರಿ. ಮೂತಿ ಹಿಂದಕ್ಕೆ ಸರಿದ ಕೂಡಲೇ "ಭೇಷ್", ಇನ್ನೊಂದು ಕೈಯಿಂದ ಬೇರೆ ಚೂರು ಕೊಡಿ. ಮುಷ್ಟಿಯಲ್ಲಿದ್ದದ್ದನ್ನು ಕೊಡಬೇಡಿ. ಇದು ಬಂದ ಮೇಲೆ ಬಿಚ್ಚಿದ ಅಂಗೈ, ಆಮೇಲೆ ನೆಲದ ಮೇಲೆ, ಆಮೇಲೆ ಉರುಳುವ ಚೆಂಡು, ಕೊನೆಗೆ ದಾರಕ್ಕೆ ಕಟ್ಟಿ ಎಳೆದ ಬಟ್ಟೆಯ ಉಂಡೆ. ಓಡುವ ವಸ್ತುವನ್ನೂ ಬಿಟ್ಟು ನಿಮ್ಮ ಕಡೆ ತಿರುಗಿತು ಅಂದರೆ ಈ ಪಾಠ ಪಾಸ್.

ಎರಡನೆಯದು "ಬಾ". ಇದಕ್ಕೆ ಒಂದೇ ನಿಯಮ: ಬಂದ ನಾಯಿಗೆ ಎಂದೂ ಬೈಯಬೇಡಿ. ಎಷ್ಟು ತಡವಾಗಿ ಬಂದರೂ, ಏನು ಮಾಡಿ ಬಂದರೂ ಬೇಡ. "ಬಾ" ಅಂದಾಗ ಹೊಡೆತ ಸಿಕ್ಕಿದ ನಾಯಿ ಆಮೇಲೆ ಬೇಕಾದ ಹೊತ್ತಿಗೆ ಬರುವುದಿಲ್ಲ.

ಮೂರನೆಯದು ಗೋಣಿಚೀಲ. ಒಂದು ಚೀಲ ಹಾಸಿ, ಅದರ ಮೇಲೆ ಕಾಲಿಟ್ಟರೆ ಚೂರು, ಕೂತರೆ ಚೂರು, ಮಲಗಿದರೆ ಇನ್ನೂ ಎರಡು. ದಿನ ಕಳೆದಂತೆ ಮಲಗಿರುವ ಹೊತ್ತು ಹೆಚ್ಚಿಸಿ. ಮುಂದೆ ಕೋಳಿ ಓಡಾಡುವಾಗ ನಾಯಿಗೆ "ಹೋಗಬೇಡ" ಅನ್ನುವುದಕ್ಕಿಂತ "ಇಲ್ಲಿ ಮಲಗು" ಅನ್ನುವುದು ಸುಲಭ. ಏನು ಮಾಡಬಾರದು ಅನ್ನುವುದಕ್ಕಿಂತ ಏನು ಮಾಡಬೇಕು ಅನ್ನುವುದು ನಾಯಿಗೆ ಬೇಗ ತಲೆಗೆ ಹೋಗುತ್ತದೆ.

ಕೋಳಿಯ ಎದುರಿಗೆ

ಈಗ ಮುಖ್ಯ ಕೆಲಸ. ಕೋಳಿ ಬೇಲಿಯೊಳಗೆ ಇರಲಿ. ಈ ಪಾಠದ ಹೊತ್ತಿಗೆ ಮಾತ್ರ ಶೇಡ್ ನೆಟ್ ಮೇಲೆತ್ತಿ. ನಾಯಿಗೆ ಎದೆಗೆ ಹಾಕುವ ಪಟ್ಟಿ, ಅದಕ್ಕೆ ಇಪ್ಪತ್ತು ಅಡಿಯ ಹಗ್ಗ. ಕುತ್ತಿಗೆಯ ಬೆಲ್ಟಿಗೆ ಉದ್ದ ಹಗ್ಗ ಕಟ್ಟಬೇಡಿ, ನಾಯಿ ಓಡಿ ಜಗ್ಗಿದಾಗ ಕುತ್ತಿಗೆಗೆ ಪೆಟ್ಟಾಗುತ್ತದೆ. ಮುಧೋಳದ ತಲೆ ಸಣ್ಣದು, ಬೆಲ್ಟಿನಿಂದ ನುಣುಚಿಕೊಂಡೂ ಬಿಡುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಮುರಿಯುತ್ತದೆ.

ನಲವತ್ತು-ಐವತ್ತು ಅಡಿ ದೂರದಲ್ಲಿ ನಿಲ್ಲಿ. ನಾಯಿ ಕೋಳಿಯನ್ನು ಕಂಡೂ ನಿಮ್ಮ ಕೈಯ ಚೂರು ತಿನ್ನುತ್ತದೆಯೇ? ಹಾಗಿದ್ದರೆ ಅದೇ ಸರಿಯಾದ ದೂರ. ತಿನ್ನದಿದ್ದರೆ, ಚೂರನ್ನು ಬಾಯಿಂದ ಉದುರಿಸಿದರೆ, ಇನ್ನೂ ಹಿಂದಕ್ಕೆ ಹೋಗಿ. ಎಷ್ಟು ಹತ್ತಿರ ಹೋಗಬಹುದು ಅನ್ನುವುದನ್ನು ನಾಯಿಯ ಬಾಯಿ ಹೇಳುತ್ತದೆ, ನಮ್ಮ ಅವಸರ ಹೇಳಬಾರದು.

ಕೋಳಿಯನ್ನು ನೋಡಿತು, ಹಗ್ಗ ಸಡಿಲವಿದೆ: "ಭೇಷ್", ಚೂರು. ಮತ್ತೆ ನೋಡಿತು: "ಭೇಷ್", ಚೂರು. ಹೀಗೆ ಮಾಡುತ್ತಾ ಹೋದರೆ ಒಂದು ದಿನ ನಾಯಿ ಕೋಳಿಯನ್ನು ನೋಡಿ ತಾನೇ ನಿಮ್ಮ ಮುಖ ನೋಡುತ್ತದೆ. "ನೋಡಿದೆ, ಎಲ್ಲಿ ನನ್ನ ಚೂರು?" ಅನ್ನುವ ಆ ನೋಟವೇ ನಮಗೆ ಬೇಕಾದದ್ದು. ಅಲ್ಲಿಂದ ನಾಲ್ಕೈದು ಅಡಿ ಮುಂದೆ ಬನ್ನಿ. ಮೂರು ದಿನ ಒಂದೇ ದೂರದಲ್ಲಿ ತೊಂದರೆಯಿಲ್ಲದೆ ನಡೆದರೆ ಮಾತ್ರ ಮುಂದಿನ ಹೆಜ್ಜೆ. ಐದು ನಿಮಿಷಕ್ಕೆ ನಿಲ್ಲಿಸಿ. ಚೆನ್ನಾಗಿ ನಡೆಯುತ್ತಿದೆ ಅಂತ ಎಳೆದರೆ ಕೊನೆಯಲ್ಲಿ ಕೆಡುತ್ತದೆ.

ಮೈ ಬಿಗಿಯಾಯಿತು, ಬಾಯಿ ಮುಚ್ಚಿತು ಅಂದರೆ ಕೂಗಬೇಡಿ, ಹಗ್ಗ ಜಗ್ಗಬೇಡಿ. ನೀವೇ ತಿರುಗಿ ಹಿಂದಕ್ಕೆ ನಡೆಯಿರಿ, ನಾಯಿಯೂ ಬರುತ್ತದೆ. ಬಂದ ಕೂಡಲೇ ಚೂರು.

ನಿಂತ ಕೋಳಿ ಬೇರೆ, ಓಡುವ ಕೋಳಿ ಬೇರೆ. ಬೇಲಿಯ ಹತ್ತಿರ ನಾಯಿ ಸಮಾಧಾನವಾಗಿ ಕೂತಿತು ಅಂತ ಗೆದ್ದೆವು ಅಂದುಕೊಳ್ಳಬೇಡಿ. ಈಗ ಮತ್ತೆ ದೂರ ಹೋಗಿ, ಮನೆಯವರೊಬ್ಬರಿಗೆ ಕೋಳಿಗಳ ಮುಂದೆ ಒಂದು ಹಿಡಿ ಜೋಳ ಎರಚಲು ಹೇಳಿ. ಕೋಳಿ ಗುಂಪಾಗಿ ಓಡುತ್ತವೆ. ಆ ಓಟವನ್ನು ನೋಡಿಯೂ ನಾಯಿ ನಿಮ್ಮ ಕಡೆ ತಿರುಗಬೇಕು. ಇನ್ನೂ ಕಷ್ಟದ್ದು ಮಣ್ಣಿನ ಸ್ನಾನ. ಮಧ್ಯಾಹ್ನದ ಹೊತ್ತು ಕೋಳಿ ಗುಂಡಿ ಮಾಡಿಕೊಂಡು, ಒಂದು ಮಗ್ಗುಲಿಗೆ ಬಿದ್ದು, ರೆಕ್ಕೆ ಪಟಪಟ ಬಡಿದು ಮಣ್ಣು ಎರಚಿಕೊಳ್ಳುತ್ತದೆ. ನಾಯಿಯ ಕಣ್ಣಿಗೆ ಅದು ಗಾಯಗೊಂಡು ಒದ್ದಾಡುವ ಹಕ್ಕಿ. ಶಾಂತವಾಗಿದ್ದ ನಾಯಿಯೂ ಇಲ್ಲಿ ಎದ್ದು ನಿಲ್ಲುತ್ತದೆ. ಇದನ್ನು ಬೇಲಿಯ ಆಚೆಯಿಂದ ಬಹಳ ದಿನ ತೋರಿಸಿ ರೂಢಿ ಮಾಡಿಸಿ. ಮೊಟ್ಟೆಯಿಟ್ಟ ಹೇಂಟೆಯ ಕೊಕ್ಕೊಕ್ಕೋ ಗದ್ದಲಕ್ಕೂ ಹಾಗೇ.

ಇದೆಲ್ಲ ಆದ ಮೇಲೆ ಬೇಲಿ ದಾಟುವುದು. ಗಟ್ಟಿ ಮನಸ್ಸಿನ, ಬೆದರದ ಒಂದು ಹೇಂಟೆ ಅಥವಾ ಹುಂಜವನ್ನು ಮಾತ್ರ ಹೊರಗೆ ಬಿಡಿ. ನಾಯಿ ಗೋಣಿಚೀಲದ ಮೇಲೆ, ಹಗ್ಗ ನಿಮ್ಮ ಕೈಯಲ್ಲಿ, ನಡುವೆ ಇನ್ನೊಬ್ಬರು. ಬಾಯಿಗೆ ಬುಟ್ಟಿಯಂಥ ಮುಖವಾಡ ಹಾಕಿದರೆ ಇನ್ನೂ ಒಳ್ಳೆಯದು, ಎತ್ತಿಗೆ ಹಾಕುವ ಕುಕ್ಕೆಯ ಹಾಗೆ ಬಾಯಿ ತೆರೆಯಲು ಜಾಗ ಇರಬೇಕು. ಬಟ್ಟೆಯ ಬಿಗಿ ಪಟ್ಟಿ ಬೇಡವೇ ಬೇಡ. ನಾಯಿ ತೇಕಿಯೇ ಮೈ ತಂಪು ಮಾಡಿಕೊಳ್ಳುವುದು, ರಾಯಚೂರಿನ ಬಿಸಿಲಿಗೆ ಬಾಯಿ ಕಟ್ಟಿದರೆ ಜೀವಕ್ಕೇ ಬರುತ್ತದೆ. ಮುಖವಾಡವನ್ನೂ ಮೊದಲೇ ಚೂರು ಕೊಟ್ಟು ಕೊಟ್ಟು ರೂಢಿ ಮಾಡಿಸಿರಬೇಕು.

ವಾರಗಟ್ಟಲೆ ಹೀಗೆ ನಡೆದರೆ ಹಗ್ಗವನ್ನು ಕೈಬಿಟ್ಟು ನೆಲದ ಮೇಲೆ ಎಳೆದಾಡಲು ಬಿಡಿ, ನೀವು ಹಗ್ಗದ ತುದಿ ತುಳಿಯುವಷ್ಟು ಹತ್ತಿರ ಇರಿ. ಹಗ್ಗವೇ ಇಲ್ಲದೆ ಬಿಡುವುದು ಕೊನೆಯ ಹಂತ. ಆಗಲೂ ನೀವು ಅಲ್ಲೇ ಇರಬೇಕು. ನನ್ನ ಅಭಿಪ್ರಾಯ ಕೇಳಿದರೆ, ಯಾರೂ ನೋಡದ ಹೊತ್ತಿನಲ್ಲಿ ನಾಯಿ-ಕೋಳಿ ಒಟ್ಟಿಗೆ ಬಿಡುವುದೇ ಬೇಡ. ಹುಲಿಗೆಮ್ಮನ ಜಾತ್ರೆಗೆ ಮನೆಮಂದಿಯೆಲ್ಲ ಹೊರಟ ದಿನ ನಾಯಿ ಒಂದು ಕಡೆ, ಕೋಳಿ ಒಂದು ಕಡೆ, ನಡುವೆ ಬಾಗಿಲು.

ಮನೆಯವರೂ ಕಲಿಯಬೇಕಾದದ್ದು ಇದೆ

ಬೀಗರು ಬಂದರು, ಕೋಳಿ ಹಿಡಿಯಬೇಕು. ಮಕ್ಕಳು, ದೊಡ್ಡವರು ಎಲ್ಲ ಸೇರಿ ಹಿತ್ತಲ ತುಂಬ ಅಟ್ಟಾಡಿಸುತ್ತಾರೆ. ಪಕ್ಕದಲ್ಲೇ ನಿಂತ ನಾಯಿಗೆ ಅದು ಏನು ಹೇಳುತ್ತದೆ? ನಮ್ಮ ಮನೆಯಲ್ಲಿ ಕೋಳಿ ಅಟ್ಟುವುದು ಎಲ್ಲರೂ ಕೂಡಿ ಮಾಡುವ ಕೆಲಸ ಅಂತ. ಕೋಳಿ ಬೇಕಾದರೆ ಕತ್ತಲಾದ ಮೇಲೆ ಗೂಡಿನಿಂದ ತೆಗೆಯಿರಿ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೂತಲ್ಲೇ ಸಿಗುತ್ತದೆ. ಮಕ್ಕಳಿಗೂ ಹೇಳಿ, ನಾಯಿಯ ಮುಂದೆ ಕೋಳಿ ಓಡಿಸುವ ಆಟ ಬೇಡ.

ಹೊಡೆತ, ಕರೆಂಟಿನ ಬೆಲ್ಟ್, ಸತ್ತ ಕೋಳಿಯ ಹಾರ

ಸತ್ತ ಕೋಳಿಯನ್ನು ನಾಯಿಯ ಕುತ್ತಿಗೆಗೆ ಕಟ್ಟಿ ಕೊಳೆಯುವತನಕ ಬಿಡುವ ಪದ್ಧತಿ ಕೆಲವರಲ್ಲಿ ಇದೆ. ದಯವಿಟ್ಟು ಮಾಡಬೇಡಿ. ನಾಯಿಗೆ ಅದು ಶಿಕ್ಷೆ ಅಂತಲೇ ತಿಳಿಯುವುದಿಲ್ಲ, ಹುಳ ಬಿದ್ದು ನಾಯಿಗೇ ಗಾಯವಾಗುತ್ತದೆ. ಅರ್ಧ ಗಂಟೆಯ ಆಮೇಲೆ ಸತ್ತ ಕೋಳಿ ತೋರಿಸಿ ಹೊಡೆದರೆ ಅದು ಕಲಿಯುವುದು ಒಂದೇ: ನಿಮ್ಮ ಕಣ್ಣೆದುರು ಹಿಡಿಯಬಾರದು. ಕರೆಂಟಿನ ಬೆಲ್ಟ್ ತರಿಸುವ ಯೋಚನೆಯೂ ಬೇಡ. ನೋವು ಯಾಕೆ ಬಂತು ಅಂತ ಗೊತ್ತಾಗದ ನಾಯಿ ಪಕ್ಕದಲ್ಲಿದ್ದ ಮಗುವಿನ ಮೇಲೆ ತಿರುಗಿದರೆ ಏನು ಮಾಡುತ್ತೀರಿ?

ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ನಾಯಿಯನ್ನು ಹಿಂಸೆ ಆಗುವಂತೆ ಹೊಡೆಯುವುದು, ಗಿಡ್ಡ ಚೈನಿಗೆ ಬಹಳ ಹೊತ್ತು ಕಟ್ಟುವುದು, ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟು ಬರುವುದು ಅಪರಾಧ. ಟಂಟಂನಲ್ಲಿ ಹಾಕಿಕೊಂಡು ಹೋಗಿ ಬೇರೆ ಊರಲ್ಲಿ ಇಳಿಸಿದರೆ ಆ ನಾಯಿ ಅಲ್ಲಿಯ ಕೋಳಿಗಳನ್ನೇ ಹಿಡಿಯುತ್ತದೆ ಅಲ್ವಾ?

ಬಾಯಲ್ಲಿ ಕೋಳಿ ಇದ್ದರೆ

ಕೋಳಿಯನ್ನು ಜಗ್ಗಬೇಡಿ. ಜಗ್ಗಿದಷ್ಟೂ ಹಲ್ಲು ಬಿಗಿಯಾಗುತ್ತದೆ, ಚರ್ಮ ಹರಿಯುತ್ತದೆ. ಕೂಗುತ್ತಾ ಬೆನ್ನು ಹತ್ತಬೇಡಿ, ನಾಯಿ ಇನ್ನೂ ದೂರ ಓಡುತ್ತದೆ. ಹತ್ತಿರ ಹೋಗಿ ಹಿಂದಿನಿಂದ ಬೆಲ್ಟ್ ಹಿಡಿದು ನಿಲ್ಲಿಸಿ, "ಬಿಡು" ಅನ್ನಿ, ಮೂಗಿನ ಮುಂದೆ ಲಿವರ್ ಚೂರು ಹಿಡಿಯಿರಿ. ಬಿಡದಿದ್ದರೆ ಒಂದು ತಂಬಿಗೆ ನೀರು ಮೂತಿಗೆ ಎರಚಿ. ಬಾಯೊಳಗೆ ಬೆರಳು ತೂರಿಸಬೇಡಿ. ನಿಮಗೆ ಹಲ್ಲು ತಗುಲಿದರೆ, ಮನೆಯ ನಾಯಿಯೇ ಆಗಿರಲಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ದವಾಖಾನೆಗೆ ಹೋಗಿ. ನಾಯಿಗೆ ವರ್ಷ ವರ್ಷ ರೇಬಿಸ್ ಲಸಿಕೆ ಹಾಕಿಸಿರಲೇಬೇಕು.

ಬದುಕುಳಿದ ಕೋಳಿಯನ್ನು ಕತ್ತಲಾದ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಇಡಿ. ಹೆದರಿಕೆಗೇ ಅರ್ಧ ಜೀವ ಹೋಗಿರುತ್ತದೆ. ಪುಕ್ಕದ ಕೆಳಗೆ ಬೆರಳಾಡಿಸಿ ನೋಡಿ, ಹಲ್ಲಿನ ತೂತು ಮೇಲಿನಿಂದ ಕಾಣುವುದಿಲ್ಲ. ಉಪ್ಪುನೀರಿನಲ್ಲಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ. ಬೇರೆ ಕೋಳಿಗಳ ಜೊತೆ ಬಿಡಬೇಡಿ, ರಕ್ತ ಕಂಡರೆ ಅವೇ ಕುಕ್ಕುತ್ತವೆ. ನೊಣ ಕೂರದಂತೆ ನೋಡಿಕೊಳ್ಳಿ. ಗಾಯ ಆಳವಿದ್ದರೆ ದನದ ದವಾಖಾನೆಗೆ ಒಯ್ಯಿರಿ, ಪಶು ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು.

ಸತ್ತ ಕೋಳಿಯನ್ನು ಆಳವಾಗಿ ಹೂಳಿ, ಸುಣ್ಣ ಹಾಕಿ. "ಹೇಗೂ ಸತ್ತಿದೆ, ನಾಯಿಗೇ ಹಾಕೋಣ" ಅನ್ನಬೇಡಿ. ನಾಯಿ ಕಚ್ಚದೆಯೇ ಕೋಳಿಗಳು ಸಾಲಾಗಿ ಸಾಯುತ್ತಿದ್ದರಂತೂ ಮುಟ್ಟದೆ ಪಶು ವೈದ್ಯರಿಗೆ ತಿಳಿಸಿ. 2025ರಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲೇ ಹಕ್ಕಿ ಜ್ವರ ಕಾಣಿಸಿಕೊಂಡಿತ್ತು.

ಮರಿ ತರುವವರಿಗೆ

ಎರಡು-ಮೂರು ತಿಂಗಳ ಮರಿಯನ್ನು ತಂದ ಮೊದಲ ವಾರದಿಂದಲೇ ಹಗ್ಗ ಹಾಕಿ ಕೋಳಿಗಳ ಹತ್ತಿರ ಕೂರಿಸಿ. ಆ ವಯಸ್ಸಿನಲ್ಲಿ ನೋಡಿದ್ದನ್ನು "ಇದು ಮನೆಯದು" ಅಂತ ಒಪ್ಪಿಕೊಳ್ಳುವುದು ಸುಲಭ. ಆದರೆ ಆರು ತಿಂಗಳಿಂದ ಒಂದೂವರೆ ವರ್ಷದ ನಡುವೆ ಅಟ್ಟುವ ಚಪಲ ಹೊಸದಾಗಿ ಏಳುತ್ತದೆ. ಅಲ್ಲಿಯತನಕ ಸುಮ್ನಿದ್ದ ಮರಿ ಒಮ್ಮೆಲೇ ಕೋಳಿಯ ಬೆನ್ನು ಹತ್ತಿದರೆ ಗಾಬರಿ ಬೇಡ, ಮತ್ತೆ ಹಗ್ಗ ಹಾಕಿ ದೂರದಿಂದ ಶುರು ಮಾಡಿ.

ಕಲಿಯದ ನಾಯಿಗೆ

ಕೆಲವು ನಾಯಿಗಳಿಗೆ, ಅದರಲ್ಲೂ ಹಲವು ಕೋಳಿ ಕೊಂದಾಗಿರುವ ನಾಯಿಗೆ, ಎಷ್ಟು ಪಾಠ ಹೇಳಿದರೂ ಬೇಲಿ ಬೇಕೇ ಬೇಕು. ಅದು ನಾಯಿಯ ತಪ್ಪಲ್ಲ, ನಿಮ್ಮದೂ ಅಲ್ಲ. ಗಟ್ಟಿ ಬೇಲಿ, ಸರಿಯಾದ ಪಾಳಿ ಇದ್ದರೆ ಅಂಥ ನಾಯಿಯೂ ಕೋಳಿಯೂ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇರಬಹುದು. ಪಕ್ಕದ ಮನೆಯ ಕೋಳಿ ಹಿಡಿದಿದ್ದರೆ ಅವರು ಕೇಳುವ ಮೊದಲೇ ಹೋಗಿ ಕೋಳಿಯ ಬೆಲೆ ಕೊಟ್ಟು, ನಾಯಿಯನ್ನು ಹೇಗೆ ತಡೆಯುತ್ತಿದ್ದೀರಿ ಅಂತ ಹೇಳಿ ಬನ್ನಿ. ಓಣಿಯವರ ಸಿಟ್ಟು ನಾಯಿಯ ಅನ್ನಕ್ಕೆ ವಿಷವಾಗಿ ಬರಬಾರದು.

ಬೇಲಿ ಹಾಕಲು ಜಾಗವೇ ಇಲ್ಲ, ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ ಅಂದರೆ ನಾಯಿಗೆ ಕೋಳಿ, ಕುರಿ ಇಲ್ಲದ ಬೇರೆ ಮನೆ ಹುಡುಕಿ. ತೆಗೆದುಕೊಳ್ಳುವವರಿಗೆ ಈ ಚಟ ಮುಚ್ಚಿಡಬೇಡಿ. ಅದು ತಿನ್ನುವ ಊಟ, ಕಲಿತ ಮಾತುಗಳು ಎಲ್ಲ ಹೇಳಿ, ಮಲಗುವ ಗೋಣಿಚೀಲವನ್ನೂ ಲಸಿಕೆಯ ಚೀಟಿಯನ್ನೂ ಜೊತೆಗೆ ಕೊಟ್ಟು ಕಳಿಸಿ.